ಗೊಂಬೆಗೆ ಬೈದ ದನಿ

ಎದುರು ಫ್ಲ್ಯಾಟಿನವಳು ಬಲ್ಮಠದ ಕಾಲೇಜೊಂದರಲ್ಲಿ ಪಾಠ ಮಾಡುತ್ತಾಳೆ. ಅವಳ ಮೂರು ವರ್ಷದ ಮಗಳು ಮಧ್ಯಾಹ್ನದಿಂದ ಸಂಜೆಯವರೆಗೆ ನಮ್ಮಲ್ಲಿಯೇ ಇರುತ್ತಾಳೆ. ನನ್ನ ಮಕ್ಕಳು ದೊಡ್ಡವರಾದ ಮೇಲೆ ಸತ್ತೇ ಹೋಗಿದ್ದ ನನ್ನ ಮಧ್ಯಾಹ್ನಗಳಿಗೆ ಜೀವ ಬಂದದ್ದು ಆ ಮಗುವಿನಿಂದ.

ಅವರದು ತುಳು, ನನ್ನದು ಕೊಂಕಣಿ, ನಡುವೆ ಕನ್ನಡ. ನನ್ನ ಕನ್ನಡ ಕಾನ್ವೆಂಟಿನಲ್ಲಿ ಕಲಿತದ್ದು. ಪದ ಹುಡುಕುತ್ತಾ, ನಿಧಾನವಾಗಿ ಆಡುತ್ತೇನೆ. "ಆಂಟಿ ಎಷ್ಟು ಪಾಪ, ದನಿ ಎತ್ತಿದ್ದೇ ಕೇಳಿಲ್ಲ" ಎಂದು ಕಟ್ಟಡದವರೆಲ್ಲ ಹೇಳುತ್ತಾರೆ. ಕೇಳಿ ಕೇಳಿ ನಾನೂ ನನ್ನನ್ನು ಹಾಗೆಯೇ ತಿಳಿದುಕೊಂಡಿದ್ದೆ.

ಕಳೆದ ತಿಂಗಳು ಮಗುವಿನ ಅಮ್ಮನ ನಡವಳಿಕೆ ಬದಲಾಯಿತು. ಸಂಜೆ ಲಿಫ್ಟಿನ ಬಾಗಿಲು ಮುಚ್ಚಿದ ಸದ್ದು ಕೇಳುತ್ತಿತ್ತು, ಆದರೆ ಕರೆಗಂಟೆ ಕೂಡಲೇ ಬಡಿಯುತ್ತಿರಲಿಲ್ಲ. ಬಾಗಿಲಿನ ಕೆಳಗಿನ ಸಂದಿಯಲ್ಲಿ ಎರಡು ಚಪ್ಪಲಿಗಳ ನೆರಳು. ಒಳಗೆ ಬಂದವಳು ಮಗುವನ್ನು ಎತ್ತಿಕೊಳ್ಳುವ ನೆವದಲ್ಲಿ ಅದರ ತೋಳು ತಿರುಗಿಸಿ ನೋಡುತ್ತಿದ್ದಳು. "ಇವತ್ತು ಎಂತ ಮಾಡಿದಿರಿ?" ಎಂದು ಕೇಳುವುದು ನನ್ನನ್ನು, ನೋಡುವುದು ಮಗುವಿನ ಮುಖವನ್ನು.

ಯಾರೋ ಕಿವಿ ಊದಿದ್ದಾರೆ, ಮೀನಿನ ವಿಷಯವೇ ಇರಬೇಕು ಎಂದುಕೊಂಡೆ. ಅವರದು ದೇವಸ್ಥಾನದ ಪೂಜೆಯ ಮನೆತನ. ಹಗಲು ಮೀನು ಕಾಯಿಸುವುದನ್ನು ಬಿಟ್ಟೆ. ಬಂಗುಡೆಯ ವಾಸನೆ ಉಳಿದಿದೆಯೋ ಎಂದು ಪರದೆಗಳನ್ನು ಒಗೆದೆ. ಮೂರನೇ ಮಹಡಿಯವಳು ನಕ್ಕರೂ ಅದರಲ್ಲಿ ಏನೋ ಇದೆ ಎನಿಸುತ್ತಿತ್ತು. ನಾಳೆಯಿಂದ ಮಗುವನ್ನು ಕಳಿಸುವುದಿಲ್ಲ ಎಂದುಬಿಟ್ಟರೆ?

ಒಂದು ಸಂಜೆ ತಡೆಯಲಾಗಲಿಲ್ಲ. "ನಾನು ಅವಳಿಗೆ ಮೊಸರನ್ನ ಬಿಟ್ಟು ಬೇರೆ ಎಂತದ್ದೂ ಕೊಡುವುದಿಲ್ಲ" ಎಂದೆ.

ಅವಳು ತಬ್ಬಿಬ್ಬಾದಳು. "ಅಯ್ಯೋ ಆಂಟಿ, ಮೀನಿನದ್ದು ಅಲ್ಲ. ಇವಳು ಮನೆಯಲ್ಲಿ ಗೊಂಬೆಗೆ ಬೈತಾಳೆ ಮಾರಾಯ್ರೆ. ಕೊಂಕಣಿಯಲ್ಲಿ."

"ಎಂತ ಅಂತ?"

"ವೊಗಿ ರಾವ್, ಅಂತ. ಸೊಂಟಕ್ಕೆ ಕೈ ಇಟ್ಟು."

ಸುಮ್ಮನಿರು ಎನ್ನುವ ಮಾತು. ಅಷ್ಟೇ ಆಗಿದ್ದರೆ ನಕ್ಕುಬಿಡುತ್ತಿದ್ದೆ. ಆದರೆ ಅವಳು ಮಗುವಿನಂತೆ ಹೇಳಿ ತೋರಿಸಿದಳು. ಹಲ್ಲು ಕಚ್ಚಿ, ಕೊನೆಯ ಪದವನ್ನು ಬಾಗಿಲು ಬಡಿದಂತೆ. ಕೊಂಕಣಿ ಗೊತ್ತಿಲ್ಲದವಳ ಬಾಯಲ್ಲಿ ಅದು ನನ್ನ ದನಿಯೇ ಆಗಿತ್ತು.

"ಫೋನಿನಲ್ಲಿ ತಂಗಿಯ ಹತ್ತಿರ ಹಾಗೆ ಮಾತಾಡ್ತೇನೆ. ನಾವು ಅಕ್ಕ ತಂಗಿ ಜಗಳ ಮಾಡುವುದೇ ಹಾಗೆ. ಅದನ್ನೇ ಕೇಳಿರಬೇಕು" ಎಂದೆ.

ಹೇಳುವಾಗಲೇ ನೆನಪಾಯಿತು, ತಂಗಿ ಫೋನ್ ಮಾಡುವುದು ರಾತ್ರಿ. ಮತ್ತೆ ಮಗು ಎಲ್ಲಿ ಕೇಳಿತು? ಊಟಕ್ಕೆ ಹಟ ಹಿಡಿದಾಗ, ಕುಕ್ಕರ್ ಕೂಗುವಾಗ, ನನ್ನ ಬಾಯಿಂದ ಹಾಗೆ ಬಂದಿತ್ತೋ? ನನಗೆ ಗೊತ್ತಿರಲಿಲ್ಲ. ನನ್ನದೇ ಬಾಯಿ, ನನಗೇ ಗೊತ್ತಿಲ್ಲ.

ಅವಳು ಮಗುವಿನ ಕಡೆ ಬಾಗಿದಳು. "ಆಂಟಿ ನಿನಗೆ ಬೈತಾರಾ ಪುಟ್ಟಿ?"

ಮಗು ಅಮ್ಮನನ್ನು ನೋಡಿತು, ನನ್ನನ್ನು ನೋಡಿತು. "ಇಲ್ಲ" ಎಂದಿತು.

"ಹಾಗಾದರೆ ಸರಿ. ಬೇಜಾರು ಮಾಡಬೇಡಿ ಆಂಟಿ. ನಾಳೆಯೂ ಮಧ್ಯಾಹ್ನ ಇವಳನ್ನು ಇಲ್ಲಿಗೇ ಕಳಿಸ್ತೇನೆ." ಅವಳ ಮುಖ ತಿಳಿಯಾಯಿತು.

ನನಗೆ ಮಾತ್ರ ಆ 'ಇಲ್ಲ' ಬಹಳ ಬೇಗ ಬಂದಂತೆ ಕಂಡಿತು. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಎದುರು ನಿಂತು ಕೇಳಿದಾಗ ನಾವು ಹುಡುಗಿಯರು ಹೆದರಿ ಹೇಳುತ್ತಿದ್ದದ್ದು ಅಂಥದೇ 'ಇಲ್ಲ'.