ಬಳ್ಳಿಯಂಥ ಅಕ್ಷರ ತೆಗೆಸಿದ್ದು

ಮೊದಲೇ ಹೇಳಿಬಿಡುತ್ತೇನೆ. ಅಂದು ಇಳಕಲ್ಲಿನ ಪ್ರೆಸ್ಸಿನಲ್ಲಿ ನಾನು ಕಣ್ಣಾರೆ ಕಂಡದ್ದೆಷ್ಟು, ನೆನಪೆಂದುಕೊಂಡದ್ದೆಷ್ಟು ಎಂಬುದು ಆಗ ನನಗೆ ಖಾತ್ರಿಯಿರಲಿಲ್ಲ. (ಸಾಕ್ಷಿಯಿಲ್ಲದೆ ಏನನ್ನೂ ನಂಬಬೇಡ ಅಂತ ಯೂನಿವರ್ಸಿಟಿಯಲ್ಲಿ ಕಲಿತವನು ನಾನು!)

ಅಣ್ಣನ ಮಗಳು ಸುಜಾತಾಳ ಮದುವೆ. ಲಗ್ನಪತ್ರಿಕೆಗೆ ಫಾಂಟ್ ಆರಿಸಿದ್ದು ಅವಳೇ. ಎಂಥ ಫಾಂಟ್ ಅಂತೀರಿ! ಕುಂಚದಲ್ಲಿ ಎಳೆದಂತೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ಕೂದಲೆಳೆ. ಅಕ್ಷರದ ಬಾಲ ಬಳ್ಳಿಯಾಗಿ ಪಕ್ಕದ ಹೆಸರನ್ನು ಸುತ್ತಿಕೊಳ್ಳುತ್ತದೆ.

"ಕಾಕಾ, ಕಾರ್ಡ್ ನೋಡಿದ್ರ ಲವ್ ಮ್ಯಾರೇಜ್ ಅನಸಬೇಕ್ರಿ."

"ನಿಂದು ಅರೇಂಜ್ಡ್ ಅಲ್ಲೇನವಾ?"

"ಅದು ಕಾರ್ಡಿಗೆ ಹೆಂಗ ಗೊತ್ತಾಗ್ತೈತ್ರಿ?"

ಪ್ರೂಫ್ ನೋಡುವ ಕೆಲಸ ನನ್ನದು. ಪ್ರೆಸ್ಸಿನ ಮೌನೇಶ ಹಾಳೆ ಕೊಟ್ಟ. ‘ಲಿಂ. ಸಂಗಪ್ಪನವರ ಸುಪುತ್ರಿ’ ಎಂಬಲ್ಲಿ ಕಣ್ಣು ನಿಂತಿತು. ತೀರಿಕೊಂಡವರ ಹೆಸರಿಗೆ ಮೊದಲು ‘ಲಿಂಗೈಕ್ಯ’ ಅಂತ ಸೂಚಿಸುವ ಈ ‘ಲಿಂ.’ ನಮ್ಮಲ್ಲಿ ಮದುವೆ ಕಾರ್ಡಿನಲ್ಲೂ ಇರುತ್ತದೆ.

ಈ ಬಳ್ಳಿ ಅಕ್ಷರವನ್ನು ನಾನು ನೋಡಿದ್ದೇನೆ! ಅಣ್ಣ ತೀರಿಕೊಂಡಾಗ, ಅವನ ಶಿವಗಣಾರಾಧನೆಗೆ ಹಂಚಿದ ಕಾರ್ಡಿನಲ್ಲಿ. ಅದನ್ನೂ ಇದೇ ಪ್ರೆಸ್ಸಿನಲ್ಲಿ ನಾನೇ ಮಾಡಿಸಿದ್ದು.

ಆ ಕಾರ್ಡನ್ನು ವೈನಿ, ಅಂದರೆ ನನ್ನ ಅತ್ತಿಗೆ, ಇವತ್ತಿಗೂ ಕಪಾಟಿನಲ್ಲಿ ಸೀರೆಗಳ ನಡುವೆ ಇಟ್ಟಿದ್ದಾರೆ. ಅಣ್ಣ ಹೋದ ಮೇಲೆ ಅವರು ಬಾಯಿತುಂಬ ನಕ್ಕದ್ದು ಈ ಮದುವೆಯ ಗಡಿಬಿಡಿಯಲ್ಲೇ. ಮಗಳ ಲಗ್ನಪತ್ರಿಕೆಯಲ್ಲಿ ಗಂಡನ ಸಾವಿನ ಕಾರ್ಡು ಕಂಡರೆ?

"ಮೌನೇಶ, ಆವಾಗೂ ಇದ ಅಕ್ಷರ ಇತ್ತಲ್ಲೋ?"

"ಇದ್ದೀತ್ರಿ ಸರ್. ಆ ಕಂಪ್ಯೂಟರ್ ಕೆಟ್ಟು ಹೋತು, ಫೈಲ್ ಇಲ್ಲ. ನಿಮಗ ನೆನಪೈತಿ ಅಂದ್ರ ಖರೆನ ಇರಬೇಕು ಬಿಡ್ರಿ."

ಅಂದರೆ ಸಾಕ್ಷಿ ನಾನೊಬ್ಬನೇ. ವೈನಿಯನ್ನು ಕೇಳಲೇ? ಯಾವ ಬಾಯಿಂದ ಕೇಳಲಿ? ಹಾಳೆಯನ್ನು ಮೌನೇಶನತ್ತ ತಳ್ಳಿದೆ.

"ತೆಗಿ ಇದನ್ನ. ಸಾದಾ ಹಾಕು. ದಪ್ಪಗ, ನೆಟ್ಟಗ."

"ಹುಡುಗಿ ನನಗ ಬೈತಾಳ್ರಿ."

"ನಾ ಹೇಳ್ತೇನಿ."

ಹೇಳಿದ್ದು ಸುಳ್ಳು. ಆ ಬಳ್ಳಿ ಅಕ್ಷರ ಹಿರಿಯರಿಗೆ ಓದಾಕ ಬರೂದಿಲ್ಲವಾ, ಅಂದೆ. ಹುನಗುಂದದ ಮನೆಯಲ್ಲಿ ಕಾರ್ಡಿನ ಕಟ್ಟು ಬಿಚ್ಚಿದ ಸುಜಾತಾ, "ಇದು ಪಂಚಾಯ್ತಿ ನೋಟಿಸ್ ಆತಲ್ರಿ ಕಾಕಾ," ಅಂದಳು. ನಗಲಿಲ್ಲ. ಆಮೇಲೆ ಕಾರ್ಡಿನ ಮಾತೇ ಎತ್ತಲಿಲ್ಲ.

ಮೊದಲ ಕಾರ್ಡನ್ನು ಕೂಡಲಸಂಗಮಕ್ಕೆ ಹೋಗಿ ಸಂಗಮನಾಥನ ಮುಂದಿಟ್ಟು ಬಂದೆವು. ಆಮೇಲೆ ಉಳಿದ ಕಾರ್ಡುಗಳು ಬಾದಾಮಿ, ಬಾಗಲಕೋಟೆಯ ಬಂಧುಗಳ ಮನೆಗಳಿಗೂ ಹೋದವು. ಇನ್ನು ವಾಪಸ್ ತರಿಸುವಂತಿಲ್ಲ. ವೈನಿ ಮಾತ್ರ ಇನ್ನೂ ಓದಿಲ್ಲ. "ಚಾಳೀಸ ಎಲ್ಲಿಟ್ಟೇನೋ ಏನೋ. ಸಿಕ್ಕ ಮ್ಯಾಲೆ ನಿಧಾನಕ್ಕ ನೋಡ್ತೇನಿ ತಡಿಯಪಾ," ಅನ್ನುತ್ತಿದ್ದಾರೆ.

ಮೊನ್ನೆ ನನ್ನ ಹಳೇ ಕಾಗದಗಳಲ್ಲಿ ಶಿವಗಣಾರಾಧನೆಯ ಕಾರ್ಡಿನ ಒಂದು ಪ್ರತಿ ಸಿಕ್ಕಿತು. ಲಗ್ನಪತ್ರಿಕೆಯ ಪಕ್ಕದಲ್ಲಿಟ್ಟು ಒಂದೊಂದೇ ಅಕ್ಷರ ಹೋಲಿಸಿದೆ. ಅನುಮಾನ ಉಳಿಯಬಾರದೆಂದು ಮೌನೇಶನಿಗೂ ತೋರಿಸಿದೆ. ಅದರಲ್ಲಿ ಬಳ್ಳಿಯೂ ಇಲ್ಲ, ಬಾಲವೂ ಇಲ್ಲ: ಅಣ್ಣನ ಹೆಸರಿರುವುದು ನಾನು ಈಗ ಹಟ ಹಿಡಿದು ಹಾಕಿಸಿದ ದಪ್ಪ, ನೆಟ್ಟನೆಯ ಅಕ್ಷರದಲ್ಲೇ.