ಐತವಾರ ಹುಟ್ಟಿದ ಕೂಸು

ಸಾವಂತ್ರೆವ್ವ ಬೆಳಿಗ್ಗೆ ಒಲೆ ಹೊತ್ತಿಸುವ ಮುನ್ನ ತನ್ನವರ ಹೆಸರು ಹೇಳುತ್ತಿದ್ದಳು. ಹಣೆಗೆ ವಿಭೂತಿ ಹಚ್ಚಿಕೊಂಡು ಮೂಡಲಕ್ಕೆ ಮುಖ ಮಾಡಿ, "ಶೇವಂತಿ ತಣ್ಣಗಿರಲಿ, ಅಳಿಯಪ್ಪ ತಣ್ಣಗಿರಲಿ, ಬೀಗತಿ ತಣ್ಣಗಿರಲಿ" ಎಂದು ಒಬ್ಬೊಬ್ಬರನ್ನೇ ದೇವರ ಮುಂದೆ ನಿಲ್ಲಿಸುವಳು. ಸತ್ತ ಗಂಡನ ಹೆಸರೂ ಅದರಲ್ಲಿ ಇರುತ್ತಿತ್ತು. ಸತ್ತವರಿಗೆ ಇನ್ನೆಂಥ ತಂಪು ಎಂದು ಓಣಿಯ ಹೆಂಗಸರು ನಕ್ಕರೆ, "ಅಂವಾ ಇರೂತನಾ ಬಿಸಲಾಗ ಹತ್ತಿ ಅಂಡಗಿ ಹೊತ್ತಾನ. ಈಗರೆ ತಂಪಿರಲಿ ಬಿಡ್ರೆವ್ವಾ" ಎನ್ನುವಳು. ಜ್ವರ ಬಂದು ಮಲಗಿದ ದಿನವೂ ಈ ಹೆಸರು ಹೇಳುವುದು ತಪ್ಪಿದ್ದಿಲ್ಲ.

ಹೆಸರು ಮುಗಿಸಿ ಅವಳು ಹುಬ್ಬಳ್ಳಿಯ ದುರ್ಗದಬೈಲಿನ ಹಿಂದಿನ ಓಣಿಯಲ್ಲಿದ್ದ ಮಹಾದೇವಪ್ಪನ ಖಾನಾವಳಿಗೆ ಹೋಗುವಳು. ಹಿತ್ತಲ ಕಡೆಯ ಅಡಿಗೆ ಮನೆಯಲ್ಲಿ ಹಂಚಿನ ಮುಂದೆ ಕುಳಿತಳೆಂದರೆ ಮಧ್ಯಾಹ್ನ ಇಳಿಯುವವರೆಗೆ ಅವಳ ರೊಟ್ಟಿ ಬಡಿಯುವ ಸಪ್ಪಳ ನಿಲ್ಲುತ್ತಿರಲಿಲ್ಲ. ಆ ರೊಟ್ಟಿಯಿಂದಲೇ ಮಗಳು ಶೇವಂತಿಯನ್ನು ಬೆಳೆಸಿದಳು, ಧಾರವಾಡದ ಹತ್ತಿರದ ಗರಗದ ಗಂಗಪ್ಪ ಮಾಸ್ತರನಿಗೆ ಕೊಟ್ಟು ಮದುವೆ ಮಾಡಿದಳು. ಗಂಗಪ್ಪನೂ ವಿಧವೆಯ ಒಬ್ಬನೇ ಮಗ. ಅವನ ತಾಯಿ ಉಡಚವ್ವ ಖಾದಿಯ ನೂಲು ತೆಗೆದು ಮಗನನ್ನು ಓದಿಸಿದವಳು. ಬೀಗತಿಯರಿಬ್ಬರ ಬಾಳೂ ಒಂದೇ ಬಗೆಯದಾದ್ದರಿಂದ ಅವರು ಬೇಗ ಹೊಂದಿಕೊಂಡಿದ್ದರು.

ಅರವತ್ತೆರಡನೆಯ ಇಸವಿಯ ಸಂಕ್ರಮಣಕ್ಕೆ ಶೇವಂತಿ ಚೊಚ್ಚಲ ಹೆರಿಗೆಗೆಂದು ಹುಬ್ಬಳ್ಳಿಗೆ ಬಂದಳು. ಆ ಹೊತ್ತಿಗೆ ಊರ ತುಂಬ ಅಷ್ಟಗ್ರಹದ ಮಾತು ಎದ್ದಿತ್ತು. ರವಿ, ಚಂದ್ರ, ಕುಜ, ಬುಧ, ಗುರು, ಶುಕ್ರ, ಶನಿ, ಕೇತು, ಈ ಎಂಟೂ ಪುಷ್ಯದ ಅವರಾತ್ರಿ ಅಮಾಸೆಯ ಸುಮಾರಿಗೆ ಮಕರ ರಾಶಿಯಲ್ಲಿ ಒಟ್ಟುಗೂಡುತ್ತವೆ, ಭೂಮಿ ಬಾಯಿಬಿಡುತ್ತದೆ, ಸಮುದ್ರ ಏರಿ ಬರುತ್ತದೆ ಎಂದು ಜನ ಆಡಿಕೊಂಡರು. ಗುಡಿಗುಡಿಗೆ ಹೋಮದ ಚಪ್ಪರ ಎದ್ದವು. ಖಾನಾವಳಿಯಲ್ಲಿ ಉಣ್ಣುವವರು ಮಾತ್ರ ಎರಡು ರೊಟ್ಟಿ ಹೆಚ್ಚಿಗೆ ಕೇಳತೊಡಗಿದರು. "ಪ್ರಳಯ ಆಗೂದ ಖರೇ ಅಂದ್ರ ಎಣ್ಣಿಗಾಯಿ ಯಾರಿಗಂತ ಉಳಸತಿ ಮಹಾದೇವಣ್ಣಾ? ಬಡಸು!" ಎಂದು ಒಬ್ಬ ಕೂಗಿದರೆ, "ಉಂಡ ಸತ್ರ ಯಮಗ ಹೊರಾಕ ಭಾರ ಆಗತೈತಿ, ಸಾವಕಾಶ ಉಣ್ಣೋ" ಎಂದು ಇನ್ನೊಬ್ಬ. ಸಾವಂತ್ರೆವ್ವ ಒಳಗೆ ಕುಳಿತು ನಗುತ್ತಿದ್ದಳು.

ಅಮಾಸೆ ನಾಲ್ಕು ದಿನ ಇದೆ ಎನ್ನುವಾಗ ಉಡಚವ್ವ ಗರಗದಿಂದ ಬಂದಳು. ಬಂದವಳು ಕಾಲಿಗೆ ನೀರು ಹಾಕಿಕೊಳ್ಳದೆ ಹೊಸ್ತಿಲಲ್ಲೇ ಕುಳಿತಳು.

"ಬೈಲಾಗ ಕುಂದರತಾರಲ್ಲ ಮುರಿಗೆಯ್ಯನವರು, ಪಂಚಾಂಗ ನೋಡವರು, ಅವರ ಕಡಿಂದ ಬಂದೆ. ಗಂಗಪ್ಪಂದು ಮಕರ ರಾಶಿ. ಎಂಟೂ ಬಂದು ಕೂಡೂದು ಅವನ ತಲಿ ಮ್ಯಾಲನ. ಅದ ಹೊತ್ತಿನಾಗ ಕೂಸ ಹುಟ್ಟಿದ್ರ ತಂದಿಗಿ ಕಂಟಕ ಅಂದ್ರು. ಶನಿವಾರ ಸಂಜಿಯಿಂದ ಸೋಮವಾರ ಸಂಜೀತನಾ ಹಡೀಬಾರದು."

"ಹಡೀಬಾರದಂದ್ರ ಹೆಂಗ್ರೆಕ್ಕಾರ? ಅದೇನ ಬಾಗಲಾ, ಅಗಳಿ ಹಾಕಿ ಇಡಾಕ?"

"ಹಾಕಬೇಕು. ಗ್ರಹಣದ ಹಂಗ ಜತನ ಮಾಡ್ರಿ ಅಂದಾರ. ಗ್ರಹಣದಾಗ ಬಸರಿನ್ನ ಹೆಂಗ ಇಡತೀವಿ, ಹಂಗ ಇಡೂದು."

ಗ್ರಹಣ ಹಿಡಿದಾಗ ಬಸುರಿಯನ್ನು ಕತ್ತಲ ಕೋಣೆಯಲ್ಲಿ ಅಂಗಾತ ಮಲಗಿಸುವುದು, ಬಾಯಿಗೆ ಏನೂ ಕೊಡದಿರುವುದು ಎಲ್ಲರೂ ಪಾಲಿಸುತ್ತಿದ್ದ ಪದ್ಧತಿ. ಆದರೆ ಗ್ರಹಣವೆಂಬುದು ಎರಡು ಮೂರು ತಾಸಿನಲ್ಲಿ ಬಿಡುತ್ತದೆ. ಇದು ಎರಡು ರಾತ್ರಿ, ಎರಡು ಹಗಲು. ಸಾವಂತ್ರೆವ್ವನಿಗೆ ಆ ಮಾತು ನಾಲಿಗೆಯ ತುದಿಗೆ ಬಂತು. ಮಗಳು ನಾಳೆ ಬಾಳುವೆ ಮಾಡಬೇಕಾದ್ದು ಈ ಹೆಂಗಸಿನ ಮನೆಯಲ್ಲಿ ಎಂದು ನುಂಗಿಕೊಂಡಳು.

ಶನಿವಾರ ಸಂಜೆ ಶೇವಂತಿಯನ್ನು ಒಳಗೆ ಮಲಗಿಸಿ, ಕಿಟಕಿಗೆ ಕಂಬಳಿ ಕಟ್ಟಿದರು. ಉಡಚವ್ವ ಬಾಗಿಲಿಗೆ ಅಡ್ಡವಾಗಿ ಚಾಪೆ ಹಾಸಿ ಕುಳಿತಳು. ಮರುದಿನ ಐತವಾರ ಊರು ಉಸಿರು ಹಿಡಿದು ಕುಳಿತಂತಿತ್ತು. ಅಂಗಡಿಗಳು ತೆರೆಯಲಿಲ್ಲ. ಮಹಾದೇವಪ್ಪನೂ ಖಾನಾವಳಿಗೆ ಬೀಗ ಹಾಕಿದ್ದ. ದೂರದ ಗುಡಿಯಿಂದ ಭಜನೆ ಕೇಳುತ್ತಿತ್ತು, ಒಳಗಿನಿಂದ ಶೇವಂತಿಯ ದನಿ.

"ಯವ್ವಾ, ಒಂದ ಗುಟಕ ನೀರ ಕೊಡ."

ಸಾವಂತ್ರೆವ್ವ ತಂಬಿಗೆ ಹಿಡಿದು ಬಾಗಿಲಿಗೆ ಬಂದಳು. ಉಡಚವ್ವ ಏಳಲಿಲ್ಲ.

"ನಿನಗ ಒಬ್ಬಾಕಿ ಮಗಳು ಸಾವಂತ್ರಿ, ನನಗ ಒಬ್ಬಾಂವ ಮಗ. ಆ ನೀರ ಒಳಗ ಹೋತಂದ್ರ ನನ್ನ ಮಗನ ಗಂಟಲಾ ಹಿಚಕಿದಂಗ."

ಬೀಗತಿಯ ಕಣ್ಣಲ್ಲಿ ಇದ್ದದ್ದು ಸೊಕ್ಕಲ್ಲ, ಹೆದರಿಕೆ. ಅದನ್ನು ಕಂಡು ಸಾವಂತ್ರೆವ್ವ ಹಿಂದೆ ಸರಿದಳು. ಮುಂದೆ ಆ ದಿನವನ್ನು ನೆನೆದಾಗಲೆಲ್ಲ ಅವಳ ಮೈಯುರಿಯುತ್ತಿದ್ದುದು ಹಾಗೆ ಸರಿದ ತನ್ನ ಕಾಲುಗಳ ಮೇಲೆ.

ಮಧ್ಯಾಹ್ನಕ್ಕೆ ಬೇನೆ ಎದ್ದಿತು. ಶೇವಂತಿ ಮೊದಲು ನರಳಿದಳು, ಆಮೇಲೆ ಕೂಗಿದಳು, ಹೊತ್ತು ಬಾಗಿದಾಗ ಆ ಕೂಗೂ ನಿಂತಿತು. ಕೂಗು ನಿಂತದ್ದೇ ಸಾವಂತ್ರೆವ್ವ ತಂಬಿಗೆ ಹಿಡಿದು ಎದ್ದಳು. ಅವಳು ಬೀಗತಿಯ ರಟ್ಟೆ ಹಿಡಿದು ಬಾಗಿಲಿನಿಂದ ಆಚೆಗೆ ಎಳೆದು ಒಳಗೆ ನುಗ್ಗಿದಳು. ಮಗಳ ತುಟಿ ಒಡೆದು ರಕ್ತ ಒಣಗಿತ್ತು. ನಾಲಿಗೆ ಬಾಯೊಳಗೆ ಕಟ್ಟಿಗೆಯಂತಾಗಿತ್ತು. ಬೆರಳಿನಿಂದ ತುಟಿ ಬಿಡಿಸಿ ನೀರು ಹನಿಸಿ, ನೆರೆಯಾಕೆಯನ್ನು ಹತ್ತಿರ ಕೂಡಿಸಿ, ಸೆರಗು ಕಟ್ಟಿಕೊಂಡು ಮಿಶನ್ ಕಂಪೌಂಡಿಗೆ ಓಡಿದಳು.

ಅಲ್ಲಿನ ದವಾಖಾನೆಯಲ್ಲಿ ನರ್ಸ್ ಆಗಿದ್ದ ಡೋರಾಬಾಯಿ ಚರ್ಚಿನ ಪ್ರಾರ್ಥನೆ ಮುಗಿಸಿ ಬಂದು ಮನೆಯಲ್ಲಿದ್ದಳು. ಸಾವಂತ್ರೆವ್ವನೊಡನೆ ಬಂದು ಶೇವಂತಿಯ ಕೈ ಹಿಡಿದು ನೋಡಿದವಳೇ ಸಿಡಿದಳು.

"ಯಾವಾಗಿಂದ ನೀರ ಕೊಟ್ಟಿಲ್ಲ?"

"ನಿನ್ನಿ ಸಂಜಿಯಿಂದ್ರಿ."

"ಮ್ಯಾಲಿನ ಚುಕ್ಕಿ ನೋಡಕೋತ ಕುಂತೀರಿ, ಮಗ್ಗಲದಾಗ ಹುಡುಗಿ ಸಾಯಾಕತ್ತಾಳಲ್ಲ ಅದು ಕಾಣವಲ್ದು?"

"ಬೈಯೂದು ಆಮ್ಯಾಲ ಬೈರಿ ಬಾಯಾರ. ಮೊದಲ ಆಕಿನ್ನ ಉಳಸ್ರಿ."

ಬೆಲ್ಲದ ನೀರು ಚಮಚೆ ಚಮಚೆಯಾಗಿ ಇಳಿಯಿತು. ಕಂಬಳಿ ಕಿತ್ತು ಕಿಟಕಿ ತೆರೆದರು. ದೀಪ ಹಚ್ಚುವ ಮುಂಚೆ ಶೇವಂತಿ ಹೆಣ್ಣು ಹಡೆದಳು. ಕೂಸು ಅತ್ತಾಗ ಡೋರಾಬಾಯಿ ಕಣ್ಣು ಮುಚ್ಚಿ ತನ್ನ ದೇವರಿಗೆ ಏನೋ ಹೇಳಿಕೊಂಡಳು. ಸಾವಂತ್ರೆವ್ವ ನೆಲಕ್ಕೆ ಹಣೆ ಹಚ್ಚಿದಳು. ಉಡಚವ್ವ ಮಾತ್ರ ಗೋಡೆ ಕಡೆ ಮುಖ ತಿರುಗಿಸಿ ಕುಳಿತಿದ್ದಳು. ಸೋಮವಾರ ಬೆಳಿಗ್ಗೆ ಕೂಸಿನ ಮುಖ ನೋಡದೆ ಧಾರವಾಡದ ಬಸ್ಸಿಗೆ ಹೋದಳು.

ಭೂಮಿ ಬಾಯಿಬಿಡಲಿಲ್ಲ. ಮಂಗಳವಾರ ಖಾನಾವಳಿ ತೆರೆದಾಗ, "ಉಳದೀರೇನ್ರಪಾ ಎಲ್ಲಾರೂ?" ಎಂದು ಮಹಾದೇವಪ್ಪ ಕೇಳಿದ್ದಕ್ಕೆ, "ಉಳದೇವಿ, ಹಸದೇವಿ" ಎಂದು ಜನ ಪಂಕ್ತಿ ಕಟ್ಟಿ ಕುಳಿತರು.

ಕೂಸಿಗೆ ದೇವಕ್ಕ ಎಂದು ಹೆಸರಿಟ್ಟರು. ತೊಟ್ಟಿಲಿಗೆ ಗರಗದಿಂದ ಯಾರೂ ಬರಲಿಲ್ಲ. ಕೆಲವು ದಿನ ಕಳೆದು ಗಂಗಪ್ಪ ಒಬ್ಬನೇ ಬಂದು ಖಾನಾವಳಿಯ ಹಿತ್ತಲ ಬಾಗಿಲಲ್ಲಿ ಟೊಪ್ಪಿಗೆ ಕೈಯಲ್ಲಿ ಹಿಡಿದು ನಿಂತ.

"ಅವ್ವ ಒಪ್ಪವಲ್ಲಳ್ರಿ ಅತ್ತಿ. ಊರಾಗ ಮಂದಿ ಬ್ಯಾರೆ ಅಷ್ಟಗ್ರಹದ ಕೂಸು, ಅಷ್ಟಗ್ರಹದ ಕೂಸು ಅನ್ನಾಕತ್ತಾರ."

"ಸಾಲ್ಯಾಗ ಹುಡುಗೂರಿಗೆ ಏನ ಕಲಸತೀರಿ ನೀವು?"

"ಗಣಿತ, ಭೂಗೋಳ..."

"ಹಂಗಾರ ಒಂದ ತಾಸು ಮನ್ಯಾಗೂ ಕಲಸ್ರಿ."

ಅವನು ತಲೆ ತಗ್ಗಿಸಿ ಹೋಗಿ ಮಗಳ ತೊಟ್ಟಿಲು ತೂಗಿ, ಹೆಂಡತಿಯೊಡನೆ ಎರಡು ಮಾತಾಡಿ, ಸಂಜೆ ಬಸ್ಸಿಗೆ ಹಿಂದಿರುಗಿದ. ಸಾವಂತ್ರೆವ್ವನ ಸಿಟ್ಟು ಕೈಗೆ ಇಳಿಯಿತು. ರೊಟ್ಟಿಯ ಸಪ್ಪಳ ಕೇಳಿ ಮಹಾದೇವಪ್ಪ ಇಣುಕಿ, "ಸಾವಂತ್ರಕ್ಕಾ, ರೊಟ್ಟಿ ಬಡ್ಯಾಕತ್ತಿಯೊ ಬೀಗತೀನ್ನ ಬಡ್ಯಾಕತ್ತಿಯೊ?" ಎಂದರೆ, "ರೊಟ್ಟಿಯರೆ ಮೆತ್ತಗ ಆಗತಾವ" ಎಂದಳು. ಬೆಳಗಿನ ಹೆಸರುಗಳಲ್ಲಿ ಬೀಗತಿಯದನ್ನು ಹಲ್ಲು ಕಚ್ಚಿ ಹೇಳುತ್ತಿದ್ದಳು. ಬಿಡಲಿಲ್ಲ.

ಕೊನೆಗೆ ಒಂದು ದಿನ ಹಿಟ್ಟಿನ ಕೈಯಲ್ಲೇ ಎದ್ದು ಹೂವಿನವರ ಸಾಲಿನ ತುದಿಗೆ ಕುಳಿತಿರುತ್ತಿದ್ದ ಮುರಿಗೆಯ್ಯನವರ ಮುಂದೆ ಹೋಗಿ ನಿಂತಳು.

"ಅಯ್ಯಾರ, ಎಂಟ ಗ್ರಹ ಕೂಡೂದು ಅಂದ್ರ ಏನು? ನನಗ ತಿಳಿಯೂಹಂಗ ಹೇಳ್ರಿ."

ಮುದುಕ ಅವಳ ಮುಖ ನೋಡಿ, ಸುಣ್ಣದ ಕಡ್ಡಿಯಿಂದ ಕಲ್ಲಿನ ಮೇಲೆ ಹನ್ನೆರಡು ಮನೆಯ ಕುಂಡಲಿ ಬರೆದ. ಒಂದೇ ಮನೆಯಲ್ಲಿ ಎಂಟು ಹುಣಸೆ ಬೀಜ ಇಟ್ಟ.

"ಇದು ಮಕರ. ಶನಿಯ ಸ್ವಂತ ಮನಿ. ಕುಜಗ ಇಲ್ಲಿ ಭಾಳ ಬಲ, ಗುರುಗ ಬಲ ಇಲ್ಲ. ರವಿ ಸನೇಕ ಬಂದ ಗ್ರಹದ ಬೆಳಕ ಮುಚ್ಚತೈತಿ. ದಿನಾ ಬ್ಯಾರೆ ಬ್ಯಾರೆ ಮನ್ಯಾಗಿದ್ದು ತಮ್ಮ ತಮ್ಮ ಫಲಾ ಕೊಡವರು, ಒಂದ ಕಡೆ ಕೂಡಿದ್ರ ಒಬ್ಬರ ಗುಣಾ ಒಬ್ಬರಿಗೆ ಹತ್ತತೈತಿ. ಬಡದಾಟನೂ ಆಗಬಹುದು."

"ಗುರು ಶನಿ ಕೂಡ ಕುಂತ್ರ ಗುರು ಕೆಡತಾನೊ, ಶನಿ ಸುಧಾರಸತಾನೊ?"

ಮುರಿಗೆಯ್ಯ ಒಂದು ಬೀಜವನ್ನು ಬೆರಳಿನಿಂದ ಅತ್ತಿತ್ತ ಸರಿಸಿದ. "ಎರಡೂ ಹೇಳಾಕ ಬರತೈತಿ ತಂಗೆವ್ವಾ. ಮನಿ ಯಜಮಾನನ ಮಗ್ಗಲದಾಗ ಕುಂತ ಗುರುವಿನ ನೀಚತನ ಅಳಿತೈತಿ, ಅದು ರಾಜಯೋಗ ಅಂತನೂ ಐತಿ ಶಾಸ್ತ್ರದಾಗ."

"ಮತ್ತ ನಮ್ಮ ಬೀಗತಿಗೆ ಅದ ಮಾತ ಯಾಕ ಹೇಳಲಿಲ್ಲ?"

"ಊರ ಊರ ಹೆದರಿ ಕುಂತಿತ್ತು. ಕೆಟ್ಟದ್ದ ಹೇಳಿದ್ರ ನಂಬತಿದ್ರು, ಛಲೋದ ಹೇಳಿದ್ರ ಈ ಅಯ್ಯಗ ಏನೂ ತಿಳೀದಿಲ್ಲ ಅಂತ ಮುಂದಿನವನ ಕಡೆ ಹೋಗತಿದ್ರು."

"ನೀರ ಕೊಡಬ್ಯಾಡ್ರಿ ಅಂತನೂ ನೀವ ಹೇಳಿದ್ರಿ?"

"ಇಲ್ಲವ್ವಾ! ಗ್ರಹಣದ ಹಂಗ ಜತನ ಅಂದೆ. ದೇವರ ನಾಮ ಹೇಳ್ರಿ, ಹೊರಗ ಅಡ್ಡಾಡಿಸಬ್ಯಾಡ್ರಿ ಅಂತ ಅರ್ಥ. ಎರಡ ದಿನಾ ಬಸರಿ ಹೆಂಗಸಿಗೆ ನೀರ ಬಿಡಸತಾರೇನು ಯಾರರೆ?"

"ಬಿಡಸಿದಿವಿ" ಎಂದಳು ಸಾವಂತ್ರೆವ್ವ. "ನಾನೂ ಬಿಡಸಿದೆ. ನೀವು ಒಂದ ಮಾತ ಅಂದು ಅಡಿಕಿ ಬಾಯಾಗ ಹಾಕ್ಕೊಂಡ್ರಿ. ನಾವು ಅದನ್ನ ಹೊತಗೊಂಡ ಹೋಗಿ ಮಗಳ ಎದಿ ಮ್ಯಾಲ ಇಟ್ಟಿವಿ."

ಮುರಿಗೆಯ್ಯ ಬಾಯೊಳಗಿನ ಅಡಿಕೆ ಉಗುಳಿ, ಕಲ್ಲಿನ ಮೇಲಿನ ಬೀಜಗಳನ್ನು ಒಂದೊಂದಾಗಿ ಆರಿಸಿಕೊಂಡ.

ಆ ಮಾತು ಅವನನ್ನು ಚುಚ್ಚಿರಬೇಕು. ಯುಗಾದಿ ಆದ ಮೇಲೆ ಅವನೇ ಗರಗಕ್ಕೆ ಹೋಗಿ ಉಡಚವ್ವನನ್ನೂ ಗಂಗಪ್ಪನನ್ನೂ ಸಾವಂತ್ರೆವ್ವನ ಮನೆಗೆ ಕರೆತಂದ. ಉಡಚವ್ವ ಕುಲಾವಿ, ತಾನೇ ನೂತ ನೂಲಿನ ಅಂಗಿ ತಂದಿದ್ದಳು. ಕೂಸನ್ನು ಮೊದಲ ಸಲ ನೋಡಿದಾಗ ಆ ಅಂಗಿಯನ್ನು ಅದರ ಮೈಗೆ ಹಿಡಿದು ಅಳತೆ ನೋಡಿದಳು. ಕೈಗೆ ಮಾತ್ರ ಎತ್ತಿಕೊಳ್ಳಲಿಲ್ಲ. ಮುರಿಗೆಯ್ಯನ ಕಡೆ ನೋಡಿದಳು.

ಮುರಿಗೆಯ್ಯ ಕೆಮ್ಮಿ ಹೇಳಿದ, "ಅಮಾಸಿ ದಾಟಿ ಮಂಗಳವಾರ ಮುಂಜಾನೆ ಹುಟ್ಟೇತಿ ಅಂತ ಜಾತಕ ಬರದ ಕೊಡತೇನಿ. ಅಷ್ಟೊತ್ತಿಗೆ ಚಂದ್ರ ಕುಂಭಕ್ಕ ಹೋಗಿದ್ದ. ಕಂಟಕಿಲ್ಲ, ಏನಿಲ್ಲ. ಊರಾಗ ಅದನ್ನ ತೋರಸಿದ್ರ ಮಂದಿ ಬಾಯಿ ಮುಚ್ಚತೈತಿ."

"ಇವತ್ತ ಕರಕೊಂಡ ಹೋಗತೇವಿ ಸಾವಂತ್ರಿ" ಎಂದಳು ಉಡಚವ್ವ. "ಎರಡ ದಿನಾ ಹಿಂದ ಮುಂದ. ಯಾರಿಗೇನ ಆಗೂದೈತಿ?"

ಗಂಗಪ್ಪ ಹೆಂಡತಿಯ ಕಡೆ ಆಸೆಯಿಂದ ನೋಡಿದ. ಬಾಗಿಲ ಹೊರಗೆ ಟಾಂಗಾ ನಿಂತಿತ್ತು. ಒಂದು ಹೂಂ ಎಂದರೆ ಮಗಳ ಬಾಳು ಮತ್ತೆ ಹಳಿಗೆ ಬೀಳುತ್ತಿತ್ತು. ಸಾವಂತ್ರೆವ್ವ ಮಗಳ ಮುಖ ನೋಡಿದಳು.

ಶೇವಂತಿ ಕೂಸನ್ನು ಹೆಗಲಿಗೆ ಹಾಕಿಕೊಂಡು, ತಲೆ ಎತ್ತದೆ ಅಂದಳು, "ನಾ ನೀರ ಬೇಡಿದ್ದು ಐತವಾರ, ಯವ್ವಾ."

ಆಮೇಲೆ ಸಾವಂತ್ರೆವ್ವ ಮಾತಾಡಿದಾಗ ಅವಳ ದನಿ ಏರಿರಲಿಲ್ಲ. ಖಾನಾವಳಿಯ ಸಿಟ್ಟಿಗಿಂತ ಅದು ಹರಿತವಾಗಿತ್ತು.

"ಅಲ್ರೆಕ್ಕಾರ, ಆ ಎಂಟೂ ಗ್ರಹಕ್ಕ ಒಂದ ಹಾಳಿ, ಒಂದೀಟ ಮಸಿ ಸಾಕಾತಂದ್ರ, ಅವತ್ತ ಬರಸಬೇಕಿತ್ತು. ಬಾಗಲದಾಗ ಅಡ್ಡ ಕುಂತು ಹುಡುಗಿ ನಾಲಿಗಿ ಒಣಗಸೂದು ಯಾಕ ಬೇಕಿತ್ತು? ಸಾಲಲಿಲ್ಲಂದ್ರ, ಇವತ್ತ ಯಾರಿಗೆ ಮೋಸಾ ಮಾಡಾಕ ಬಂದೀರಿ? ಮಂಗಳವಾರ ಹುಟ್ಟಿದ್ದು ಅಂತ ಬರದ್ರ ಆ ಐತವಾರ ನಮ್ಮ ಮನ್ಯಾಗ ಏನೂ ಆಗಲಿಲ್ಲ ಅಂದಂಗಾತು. ಆಗೇತ್ರಿ. ನಿಮ್ಮ ಕಣ್ಣ ಮುಂದ ಆಗೇತಿ, ನನ್ನ ಕೈಯಾಗ ತಂಬಿಗಿ ಇದ್ದಾಗ ಆಗೇತಿ."

"ಅತ್ತಿ, ನೀವೊಂದ ಹೂಂ ಅನ್ರಿ..." ಎಂದ ಗಂಗಪ್ಪ.

"ನನ್ನ ಹೂಂ ಯಾಕ ಬೇಕ್ರಿ? ಹೆಂಡತಿ ನಿಮ್ಮಾಕಿ, ಮಗಳ ನಿಮ್ಮಾಕಿ. ಐತವಾರದಾಕಿ ಅಂತ ಹೇಳಿ ಎತಕೊಂಡ ಹೋಗ್ರಿ, ಇವತ್ತ ಕಳಸತೇನಿ. ಊರಿಗೆ ಹೆದರತೀರೆಂದ್ರ ಇಲ್ಲೇ ಇರಲಿ. ಇಷ್ಟ ಮಂದಿಗೆ ರೊಟ್ಟಿ ಬಡ್ಯಾಕಿಗೆ ಎರಡ ರೊಟ್ಟಿ ಹೆಚ್ಚಲ್ಲ."

ಗಂಗಪ್ಪ ತಾಯಿಯನ್ನು ನೋಡಿದ, ತಾಯಿ ನೆಲ ನೋಡಿದಳು. ಕೂಸಿನ ಕಡೆ ಇಬ್ಬರೂ ಕೈ ಚಾಚಲಿಲ್ಲ. ಮುರಿಗೆಯ್ಯ ಚೀಲದಿಂದ ಮಸಿಯ ದೌತಿ ತೆಗೆದು ಮುಂದೆ ಇಟ್ಟ.

"ನಿನ್ನ ಕಡೆ ಏನೂ ತಗೊಳ್ಳೂದಿಲ್ಲ ತಂಗೆವ್ವಾ. ಆ ಮಂಗಳವಾರದ ಜಾತಕ ನನ್ನ ಮನಸಿನ ಸಮಾಧಾನಕ್ಕರೆ ಬರೀತೇನಿ."

ಸಾವಂತ್ರೆವ್ವ ದೌತಿಯ ಮುಚ್ಚಳ ತಿರುಗಿಸಿ ಬಿಗಿ ಮಾಡಿ, ಅದನ್ನು ಅವನ ಕೈಗೇ ಕೊಟ್ಟಳು.

"ಬ್ಯಾಡ್ರಿ ಅಯ್ಯಾರ. ಚಹಾ ಕಾಸತೇನಿ, ಕುಡದ ಹೋಗ್ರಿ. ಇದು ಮಾತ್ರ ಬ್ಯಾಡ."