ತಿಪ್ಪವ್ವನ ಉಡಿಯೊಳಗಿನ ಜೇಕು

ಹತ್ತಿಮತ್ತೂರಿನ ಉಳಿವೆಪ್ಪನವರ ಹೊಲ. ಮೂಡಣದಲ್ಲಿ ಈಗಷ್ಟೇ ಕೆಂಪು. ಈಶಾನ್ಯದ ಮೂಲೆಯಲ್ಲಿ ಒಬ್ಬಾಕೆ ಮೊಣಕಾಲೂರಿ ನೆಲ ಅಗೆಯುತ್ತಿದ್ದಾಳೆ. ಅಗೆದು ಬಿಡುವುದಿಲ್ಲ, ಹೆಂಟೆ ಒಡೆದು, ಬೆರಳಲ್ಲಿ ತಿಕ್ಕಿ, ಅಕ್ಕಿಯೊಳಗಿನ ಹರಳು ಆರಿಸಿದಂತೆ ಆರಿಸುತ್ತಾಳೆ. ಕಡಲೆಕಾಳಿನಷ್ಟು ಕಪ್ಪು ಗಡ್ಡೆ ಸಿಕ್ಕರೆ ಪಕ್ಕದ ತಗಡಿನ ಡಬ್ಬಿಗೆ ಟಣ್ ಎಂದು ಎಸೆಯುತ್ತಾಳೆ. ಹೆಸರು ತಿಪ್ಪವ್ವ, ವಯಸ್ಸು ಅರವತ್ತರ ಆಸುಪಾಸು. ಜೇಕು ಎಂಬ ಹಟಮಾರಿ ಕಳೆ ಕೀಳುವುದರಲ್ಲಿ ಈ ಸೀಮೆಯಲ್ಲಿ ಈಕೆಯನ್ನು ಮೀರಿಸುವವರಿಲ್ಲ ಎಂದು ಕೇಳಿ, ಪತ್ರಿಕೆಗೆ ಬರೆಯಲೆಂದು ಬಂದಿದ್ದೇನೆ.

"ಇದು ಹುಲ್ಲಲ್ರಿ," ಎನ್ನುತ್ತ ಒಂದು ಕಡ್ಡಿ ಕೊಡುತ್ತಾಳೆ. "ಬೆರಳಾಗ ಹೊಳ್ಳಿಸಿ ನೋಡ್ರಿ. ಹುಲ್ಲಿನ ಕಡ್ಡಿ ದುಂಡಗಿರ್ತೈತಿ. ಜೇಕಿಗೆ ಮೂರು ಏಣು."

ಹೌದಲ್ಲ, ಮೂರು ಏಣು! ಹುಟ್ಟಿದಾಗಿನಿಂದ ಜೇಕು ತುಳಿದುಕೊಂಡೇ ಓಡಾಡಿದ ನನಗೆ ಇದು ಗೊತ್ತೇ ಇರಲಿಲ್ಲ. ಗಡ್ಡೆ ಮೂಸಲು ಹೇಳುತ್ತಾಳೆ. ಮಣ್ಣು ಮೆತ್ತಿದ ಈ ಪೀಡೆ ಘಮ್ಮೆನ್ನುತ್ತದೆ.

ಒಂಬತ್ತನೆಯ ವಯಸ್ಸಿಗೆ ಅವ್ವನ ಹಿಂದೆ ಗುದ್ದಲಿ ಹಿಡಿದವಳು ತಿಪ್ಪವ್ವ. ಜೇಕನ್ನು ಮೇಲೆ ಕಿತ್ತರೆ ಆಗಲಿಲ್ಲ; ಕೆಳಗೆ ದಾರದಂಥ ಬೇರಿಗೆ ಗಡ್ಡೆಗಳು ಪೋಣಿಸಿಕೊಂಡಿರುತ್ತವೆ, ಒಂದು ಉಳಿದರೂ ಮತ್ತೆ ಮೊಳಕೆ. ಒಂದೂವರೆ ಮೊಳ ಅಗೆಯಬೇಕು. ದಿನವಿಡೀ ದುಡಿದರೆ ಎರಡು ಚಾಪೆಯಷ್ಟು ನೆಲ, ನಾಲ್ಕು ಸೇರು ಗಡ್ಡೆ. ಹತ್ತು ಬೆರಳುಗಳಲ್ಲಿ ನೆಟ್ಟಗಿನ ಉಗುರು ಆರಕ್ಕೆ ಮಾತ್ರ.

ಅಗೆದ ಗಡ್ಡೆ ಅಗೆದವರಿಗೇ ಎನ್ನುವುದು ಇಲ್ಲಿನ ರೂಢಿ. ಸವಣೂರಿನ ಪೀರಸಾಬ ಅದನ್ನು ಒಣಗಿಸಿ, ಕುಟ್ಟಿ, ಸುವಾಸನೆಯ ಪುಡಿ ಮಾಡುತ್ತಾನೆ. ಅವನಿಗೆ ಕೊಡಲೆಂದು ತಿಪ್ಪವ್ವ ಗಡ್ಡೆಗಳನ್ನು ಸೆರಗಿನ ಉಡಿಯಲ್ಲಿ ಕಟ್ಟಿಕೊಂಡು ಹೋಗುತ್ತಿದ್ದಳು. ಕೆಲಸ ಮುಗಿದ ದಿನ ಹೊಲದೊಡತಿ ಅದೇ ಉಡಿಗೆ ಜೋಳ ತುಂಬುತ್ತಿದ್ದಳು. ಮುಂದಿನ ಹೊಲಕ್ಕೆ ಹೋದಾಗ ಅದರಲ್ಲೊಂದು ಹಿಡಿ ಈಶಾನ್ಯದ ಮೂಲೆಗೆ ಚೆಲ್ಲಿ, ಆಮೇಲೆ ಕೆಲಸ.

"ಭೂಮಿತಾಯಿ ಉಡಿ ತುಂಬಿದ ಮ್ಯಾಲೇ ಗುದ್ದಲಿ ಹಾಕಬೇಕು ಅಂತಿದ್ಲು ನಮ್ಮವ್ವ."

ಉಳಿವೆಪ್ಪನವರ ಹೊಲದಲ್ಲಿ ಜೇಕು ಎಂಬುದೇ ಇರಲಿಲ್ಲ. ಎರಡು ವರ್ಷದ ಹಿಂದೆ ತಿಪ್ಪವ್ವ ಇಲ್ಲಿ ಶೇಂಗಾದ ಕಳೆ ತೆಗೆಯಲು ಬಂದಳು, ಮೂಲೆಗೆ ಹಿಡಿ ಜೋಳ ಚೆಲ್ಲಿದಳು. ಹೋದ ವರ್ಷ, ೧೯೬೨ರ ಮುಂಗಾರಿಗೆ, ಸರಿಯಾಗಿ ಅದೇ ಮೂಲೆಯಲ್ಲಿ ಜೇಕು ಎದ್ದಿತು. ಅದನ್ನು ಕೀಳಲು ಕರೆದದ್ದೂ ಈಕೆಯನ್ನೇ! ನೋಡಿದವಳೇ ಗುದ್ದಲಿ ಅಲ್ಲೇ ಬಿಟ್ಟು ಮನೆಗೆ ಓಡಿ, ಉಡಿ ಕಟ್ಟುವ ಸೀರೆಯ ಸೆರಗು ಬಿಚ್ಚಿ ಝಾಡಿಸಿದಳು. ಏನೂ ಬೀಳಲಿಲ್ಲ. ಹಚ್ಚಿದ ತೇಪೆಯನ್ನು ಹರಿದಳು. ಬಟ್ಟೆಗೂ ತೇಪೆಗೂ ನಡುವೆ ಮೂರು ಗಡ್ಡೆ!

ಹೀಗೆ ಉಡಿಯಲ್ಲಿ ಸಿಕ್ಕಿಕೊಂಡ ಗಡ್ಡೆಗಳೇ ಹಿಡಿ ಜೋಳದ ಜೊತೆ ಮೂಲೆಗೆ ಬಿದ್ದಿದ್ದವು. ಜೇಕು ಕೀಳುವವಳೇ ಜೇಕು ಬಿತ್ತುವುದೆಂದರೆ? ಅದೂ ಪೂಜೆಯೆಂದು! ಎಷ್ಟು ಹೊಲಕ್ಕೆ ಹೀಗಾಗಿರಬಹುದೆಂದು ಕೇಳುತ್ತೇನೆ.

"ಹಂಸಭಾವಿ, ಹುಲಗೂರು, ಹಾನಗಲ್ಲ ಕಡೆ... ಎಷ್ಟಂತ ಹೇಳ್ಲಿರಿ? ಐವತ್ತು ವರ್ಸ. ಕೈ ಮುಗದು ಹಾಕೇನ್ರಿ. ಕೈ ಮುಗದು!" ಕಣ್ಣು ಒರೆಸಿಕೊಳ್ಳಲು ಹೋದ ಕೈ ತುಂಬ ಮಣ್ಣು.

ಬದುವಿನ ಮೇಲೆ ಕುಳಿತ ಉಳಿವೆಪ್ಪನವರಿಗೆ ಆ ದಿನದ ಬೆರಗು ಇನ್ನೂ ಇಳಿದಿಲ್ಲ. "ಹೊಲಕ್ಕ ಹಾಕಿಸಿದ ಕೆರಿ ಮಣ್ಣಿನ ಜೋಡಿ ಜೇಕು ಬಂದೈತಿ ಅಂದ್ಕೊಂಡಿದ್ನಿರಿ. ಈಕಿ ಬಂದು 'ನಾನ ಬಿತ್ತೇನಿ ಯಪ್ಪಾ' ಅಂದಾಗ ಎದಿ ಧಸಕ್ ಅಂತು. ಸುಮ್ಮನಿದ್ರ ಯಾರಿಗೆ ಗೊತ್ತಾಗ್ತಿತ್ರಿ?"

ಹೇಳಿದ್ದರ ಫಲ ಉಣ್ಣುತ್ತಿದ್ದಾಳೆ. ಸುದ್ದಿ ಹಬ್ಬಿ, ಈ ವರ್ಷ ಮೂರು ಊರಿನವರು ಕರೆದಿಲ್ಲ. ಆದರೂ ದಿನಾ ಬೆಳಗಾಗುವ ಮೊದಲೇ ಬಂದು, ಕೂಲಿ ಒಲ್ಲೆನೆಂದು, ಈ ಮೂಲೆ ಅಗೆಯುತ್ತಾಳೆ. ಇಲ್ಲಿ ಒಂದು ಗಡ್ಡೆ ಉಳಿದರೂ ಮಳೆ ಬಿದ್ದ ಮೇಲೆ ಇಡೀ ಶೇಂಗಾ ಹೊಲವೇ ಜೇಕಿನ ಪಾಲು. ಉಡಿ ಕಟ್ಟುವುದನ್ನೂ ಬಿಟ್ಟಿದ್ದಾಳೆ. ಈಗ ಮುಚ್ಚಳದ ಡಬ್ಬಿಯೇ ಗತಿ.

"ಈ ಮೂಲಿ ಸ್ವಚ್ಛ ಆಗಲಿಲ್ಲಂದ್ರ ನಾ ಮತ್ತ ಯಾರ ಹೊಲಕ್ಕೂ ಕಾಲಿಡೂದಿಲ್ರಿ," ಎನ್ನುತ್ತಾಳೆ.

ಬಿಸಿಲೇರಿದೆ. ನಾನು ಹೊರಡುತ್ತೇನೆ. ನಾಲ್ಕು ಹೆಜ್ಜೆ ಇಟ್ಟಿರಬೇಕು.

"ನಿಲ್ರಿ! ಚಪ್ಪಲಿ ಝಾಡಸ್ರಿ. ಕಿಸೆನೂ ಝಾಡಸ್ರಿ."

ನಗುತ್ತ ಚಪ್ಪಲಿ ಬಡಿದೆ. ಕಿಸೆಗೆ ಕೈ ಹಾಕಿದವನ ನಗು ಅಲ್ಲೇ ನಿಂತಿತು. ಘಮ್ಮೆನ್ನುತ್ತದೆ, ಮನೆಯಲ್ಲಿ ತೋರಿಸೋಣವೆಂದು ಆಗಲೇ ಒಂದು ಗಡ್ಡೆ ಹಾಕಿಕೊಂಡಿದ್ದೆ. ಇಷ್ಟೆಲ್ಲ ಕೇಳಿದ ಮೇಲೂ ಅದು ನೆನಪಿಗೆ ಬಂದಿರಲಿಲ್ಲ! ನಾಚಿಕೆಯಿಂದ ತಲೆ ತಗ್ಗಿಸಿ ಅವಳ ಅಂಗೈಗೆ ಇಟ್ಟೆ.

ತಿಪ್ಪವ್ವ ಬೈಯಲಿಲ್ಲ. ಗಡ್ಡೆಯನ್ನು ಕಲ್ಲಿನ ಮೇಲಿಟ್ಟು ಗುದ್ದಲಿಯ ಹಿಡಿಕೆಯಿಂದ ಜಜ್ಜಿದಳು.

"ನೀವೂ ಕೆಟ್ಟ ಮನಸಿಲೆ ಒಯ್ಯಾಕತ್ತಿರಲಿಲ್ಲ ಬಿಡ್ರಿ. ನಾನೂ ಹಂಗ ಒಯ್ದೇನಿ," ಎಂದಳು. "ಮುಂದಿನ ಮಳಿಗೆ ಬರ್ರಿ. ಈ ಮೂಲ್ಯಾಗ ಮೂರು ಏಣಿನ ಒಂದು ಕಡ್ಡಿ ಕಂಡ್ರ, ತಿಪ್ಪವ್ವಗ ಜೇಕು ಕೀಳಾಕ ಬರೂದಿಲ್ಲ ಅಂತ ನಿಮ್ಮ ಪೇಪರಿನ್ಯಾಗ ಬರೀರಿ."